ದಪ್ಪ ಕತ್ತಿನ ಈರುಳ್ಳಿ

ಗುಂಡ್ಲುಪೇಟೆ
11 ಜುಲೈ 2005

ಮಗಳು ತಹಸೀನ್‌ಗೆ ಅಬ್ಬಾ ಮಾಡುವ ದುವಾ.

ಈ ಕಾಗದ ತಂದುಕೊಡುವವನು ಬೇಗೂರಿನ ಸುಧಾಕರ್, ನಮ್ಮ ಈರುಳ್ಳಿ ಲಾರಿಯ ಡ್ರೈವರ್. ಅಂಚೆಯವರು ಕಲ್ಲಿಕೋಟೆಗೆ ಐದು ದಿನ ತಗೊಳ್ಳುತ್ತಾರೆ. ಇವನು ಬೆಳಗಾಗುವಷ್ಟರಲ್ಲಿ ಮುಟ್ಟಿಸುತ್ತಾನೆ, ಜೊತೆಗೆ ಐದು ಕೆಜಿ ಸಣ್ಣ ಈರುಳ್ಳಿಯನ್ನೂ ಇಳಿಸುತ್ತಾನೆ. ಫೋನು ಮಾಡಿ ಅಂತ ಮಾತ್ರ ಹೇಳಬೇಡ. ಫೋನಿನಲ್ಲಿ ನಾನು ಕಿರುಚುತ್ತೇನೆ, ಹಮಾಲರೆಲ್ಲ ಮೂಟೆ ಇಳಿಸಿ ಕಿವಿ ಕೊಡುತ್ತಾರೆ. ನೀನು 'ಚೆನ್ನಾಗಿದ್ದೀನಿ ಅಬ್ಬಾ' ಅಂತ ಮೂರು ಸಲ ಹೇಳಿ ಇಡುತ್ತೀಯ. ಮೂರು ಸಲ ಹೊಗಳಿದ ಮಾಲನ್ನು ನಾನು ಚೀಲ ಬಿಚ್ಚದೆ ತಗೊಂಡವನಲ್ಲ.

ಅಮ್ಮಿ ಹುಷಾರಾಗಿದ್ದಾಳೆ. ನಿನ್ನ ಹಾಸ್ಟೆಲಿನಲ್ಲಿ ದಿನಾ ಮೀನು ಎಂದು ಕೇಳಿ ಅವಳಿಗೆ ನಿನಗಿಂತ ಮೀನಿನ ಮೇಲೆ ಹೆಚ್ಚು ಮರುಕ.

ಈಗ ವಿಷಯ. ನಮ್ಮ ಹರವೆಯ ಬೀರಯ್ಯನ ದನಿ ಕಟ್ಟಿಹೋಗಿ ಎರಡು ತಿಂಗಳಾಯಿತು. ಉಪ್ಪುನೀರು, ಶುಂಠಿ, ಜೇನು ಎಲ್ಲ ಮುಗಿದ ಮೇಲೆ ನಾನೇ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ, ಏನೂ ಮಾತಾಡದೆ ಮೈಸೂರಿಗೆ ಚೀಟಿ ಬರೆದರು. ಮಾತಾಡದೆ ಬರೆದ ಚೀಟಿ ನನಗೆ ಅಲ್ಲೇ ಅರ್ಥವಾಯಿತು. ಮೈಸೂರಿನವರು ನೋಡಿ ಗಂಟಲಿನ ಕ್ಯಾನ್ಸರು ಅಂದರು. ಆಪರೇಷನ್ ಬೇಡ, ರೇಡಿಯೇಷನ್ ಕರೆಂಟು ಕೊಡುತ್ತೇವೆ, ಮೂವತ್ತಮೂರು ದಿನ, ಒಂದು ದಿನವೂ ತಪ್ಪಬಾರದು, ಶನಿವಾರ ಭಾನುವಾರ ಮಾತ್ರ ರಜ ಅಂದಿದ್ದಾರೆ. ಇಪ್ಪತ್ತೈದನೇ ತಾರೀಕು ಶುರು. 

ನಾನು ಈ ಕಾಗದ ಬರೆಯುತ್ತಿರುವ ಅಕ್ಷರ ಅವನದು. ನಾನು ಹದಿನಾರರ ಹಮಾಲ, ಅವನು ಹರವೆಯಿಂದ ಗಾಡಿಯಲ್ಲಿ ಈರುಳ್ಳಿ ತರುವ ಏಳನೇ ಕ್ಲಾಸಿನ ಪಂಡಿತ. ಚೀಲದ ಮೇಲೆ ಇದ್ದಿಲಲ್ಲಿ ಊರ ಹೆಸರು ಬರೆಯಲು ಕಲಿಸಿದ. ಅದಕ್ಕೇ ನನಗೆ ಇವತ್ತಿಗೂ 'ಹರವೆ' ದುಂಡಗೆ ಬರುತ್ತದೆ, ಉಳಿದದ್ದು ಓಡುತ್ತದೆ.

ಬಸ್ಸಿನಲ್ಲಿ ಅವನು ಕೇಳಿದ: "ನಮ್ ತಾಸೀನು ಓದ್ತಿರಾದು ಇದುನ್ನೇ ಅಲ್ವಾ ಗೌಸು?" ಹೌದು ಅಂದೆ. ಆದರೆ ನೀನು ಅಲ್ಲಿ ನಿಜವಾಗಿ ಏನು ಮಾಡುತ್ತೀಯ ಎಂದು ನನಗೂ ಗೊತ್ತಿಲ್ಲ. ನನಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ಅಬ್ಬಾ,
ಗೌಸ್ ಮೊಹಿದ್ದೀನ್


ಕಲ್ಲಿಕೋಟೆ
17 ಜುಲೈ 2005

ಪ್ರೀತಿಯ ಅಬ್ಬಾ, ಸಲಾಂ.

ಬೀರಯ್ಯ ಮಾಮನ ಸುದ್ದಿ ಓದಿ ಲ್ಯಾಬಿಗೆ ಹೋಗಲು ಆಗಲಿಲ್ಲ. ಆಮೇಲೆ ಹೋದೆ. ಹೋಗದೆ ಕೂತರೆ ಯಾರಿಗೆ ಏನು ಲಾಭ ಎಂದು ನೀವೇ ಬಯ್ಯುತ್ತಿದ್ದಿರಿ. ಮೂವತ್ತಮೂರು ದಿನ ಪೂರ್ತಿ ಆಗಬೇಕು ಅಬ್ಬಾ. ಗಂಟಲಿನದು ಬೇಗ ಗೊತ್ತಾದರೆ ಕರೆಂಟಿಗೆ ಬಗ್ಗುವ ಕಾಯಿಲೆ. ನಡುವೆ ಬಿಟ್ಟರೆ ಉಳಿದದ್ದು ಮತ್ತೆ ಚಿಗುರುತ್ತದೆ.

ನನ್ನ ಕೆಲಸ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈರುಳ್ಳಿ ಕಿತ್ತ ಮೇಲೆ ಏನಾಗುತ್ತದೆ? ಸೊಪ್ಪು ಬಾಗುತ್ತದೆ, ಕತ್ತು ತಾನಾಗಿ ಒಣಗಿ ಮುಚ್ಚಿಕೊಳ್ಳುತ್ತದೆ. ಆ ಕತ್ತು ಸತ್ತರೇ ಗಡ್ಡೆ ಉಳಿಯುವುದು. ನೂರಕ್ಕೆ ಒಂದೆರಡು ದಪ್ಪ ಕತ್ತಿನವು ಇರುತ್ತವಲ್ಲ, ಒಣಗಲು ಒಪ್ಪದವು, ನೋಡಲು ಎಲ್ಲಕ್ಕಿಂತ ಜೋರಾಗಿರುವವು? ಚೀಲಕ್ಕೆ ಹಾಕಿದರೆ ಅಕ್ಕಪಕ್ಕದ್ದನ್ನೂ ಕೊಳೆಸುವವು. ನನಗೆ ಆರು ವರ್ಷವಿದ್ದಾಗ ಬೀರಯ್ಯ ಮಾಮ ರಾಶಿಯ ಮುಂದೆ ಕೂರಿಸಿ, ಹೆಬ್ಬೆರಳಿನಿಂದ ಕತ್ತು ಹಿಸುಕಿ ಅವನ್ನು ಆಯುವುದು ಕಲಿಸಿದ್ದರು.

ನಮ್ಮ ಮೈಯ ಪ್ರತಿಯೊಂದು ಕೋಶಕ್ಕೂ, ಕೆಟ್ಟರೆ ತಾನಾಗಿ ಒಣಗಿ ಸಾಯುವ ವಿದ್ಯೆ ಗೊತ್ತು. ಕ್ಯಾನ್ಸರ್ ಕೋಶ ಅದನ್ನು ಮರೆತಿರುತ್ತದೆ. ಮರೆತದ್ದನ್ನು ನೆನಪಿಸುವ ಒಂದು ಸಣ್ಣ ಅಣು ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸ. ನಮ್ಮಲ್ಲಿ ಮೂರು ಸಾವಿರದ ಇನ್ನೂರು ಅಣುಗಳಿವೆ, ಒಂದೊಂದಕ್ಕೂ ನಂಬರು. ಅಂಗೈಯಗಲದ ತಟ್ಟೆ, ಅದರಲ್ಲಿ ತೊಂಬತ್ತಾರು ಗುಳಿ, ಗುಳಿಗೆ ಒಂದು ಅಣು, ಮೇಲೆ ಕ್ಯಾನ್ಸರ್ ಕೋಶಗಳು. ಕೋಶ ಒಣಗಲು ಶುರುಮಾಡಿದರೆ ಆ ಗುಳಿ ಹಸಿರಾಗಿ ಹೊಳೆಯುತ್ತದೆ. ಮುನ್ನೂರು ದಾಟಿದ್ದೇನೆ. ಎಲ್ಲ ಕತ್ತಲು.

ಒಟ್ಟಿನಲ್ಲಿ ನಿಮ್ಮ ಮಗಳು ಇನ್ನೂ ಈರುಳ್ಳಿಯನ್ನೇ ಆಯುತ್ತಿದ್ದಾಳೆ.

ನಿಮ್ಮ ತಹಸೀನ್


ಕಲ್ಲಿಕೋಟೆ
9 ಆಗಸ್ಟ್ 2005

ಅಬ್ಬಾ,

ಹೊಳೆಯಿತು! ನಂಬರ್ ನಾನೂರ ಹದಿನೇಳು. ಗಂಟಲಿನ ಕ್ಯಾನ್ಸರ್ ಕೋಶಗಳ ಮೇಲೆಯೇ. ಮೂರು ಸಲ ಮತ್ತೆ ಮಾಡಿದೆ, ಮೂರು ಸಲವೂ ಹಸಿರು. ನಮ್ಮ ಗೈಡ್ ಮೇಡಂ ಬಂದು ನೋಡಿ ನನ್ನ ಬೆನ್ನು ತಟ್ಟಿ ಹೋದರು. ನಾಲ್ಕು ವರ್ಷದಲ್ಲಿ ಅವರು ಬೆನ್ನು ತಟ್ಟಿದ್ದು ಇದೇ ಮೊದಲು. ಸುಧಾಕರಣ್ಣ ಕೆಳಗೆ ಹಾರನ್ ಹೊಡೆಯುತ್ತಿದ್ದಾರೆ, ಇಷ್ಟೇ ಬರೆಯಲು ಸಮಯ.

ಬೇರೆ ಪರೀಕ್ಷೆಗಳು ಬಾಕಿ ಇವೆ. ಯಾರಿಗೂ ಹೇಳಬೇಡಿ.

ತಹಸೀನ್


ಗುಂಡ್ಲುಪೇಟೆ
12 ಆಗಸ್ಟ್ 2005

ಮಗಳೇ,

ನೀನು 'ಯಾರಿಗೂ ಹೇಳಬೇಡಿ' ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದದ್ದು ನಿನ್ನ ತಪ್ಪು. ನಾನು ಕಾಗದವನ್ನು ಮೇಲಿನಿಂದ ಕೆಳಕ್ಕೆ ಓದುವವನು, ಅದೂ ಗಟ್ಟಿಯಾಗಿ. ಆ ಸಾಲು ಮುಟ್ಟುವಷ್ಟರಲ್ಲಿ ನಮ್ಮ ಈರುಳ್ಳಿ ಮಂಡಿಯಲ್ಲಿ ಏಳು ಜನ ಎದ್ದು ನಿಂತಿದ್ದರು. ಆ ಏಳು ಜನರಿಗೂ ಯಾರಿಗೂ ಹೇಳಬೇಡಿ ಅಂತ ಹೇಳಿದ್ದೇನೆ. ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ನನ್ನನ್ನು ತಡೆದು, "ನಾನೂರ್ ಹದಿನೇಳು ಗುಳಿಗೇನಾ, ಟಾನಿಕ್ಕಾ?" ಎಂದು ಕೇಳಿದ.

ಎದ್ದು ನಿಂತ ಏಳು ಜನರಲ್ಲಿ ಬೀರಯ್ಯನೂ ಒಬ್ಬ. ಮೈಸೂರಿನಿಂದ ಬಸ್ಸಿಳಿದು ಹರವೆಗೆ ಹೋಗುವ ಮುಂಚೆ ನಮ್ಮ ಮಂಡಿಯಲ್ಲಿ ಕೂತು ಗಂಜಿ ಕುಡಿಯುತ್ತಾನೆ. ಇವತ್ತಿಗೆ ಹದಿನೈದು ಕರೆಂಟು ಆಯಿತು. ಕತ್ತಿನ ಚರ್ಮ ಬದನೆಕಾಯಿ ಸುಟ್ಟ ಹಾಗೆ ಆಗಿದೆ, ಉಗುಳು ನುಂಗಿದರೂ ಕಣ್ಣಲ್ಲಿ ನೀರು. ನಾನು ಓದಿ ಮುಗಿಸಿದಾಗ ಅವನು ಬಂದು ನನ್ನ ಕೈ ಹಿಡಿದುಕೊಂಡ. ಜೊತೆಗಿದ್ದ ಅವನ ಹೆಂಡತಿ ಮಂಚಮ್ಮ, "ನಮ್ ಮನೆ ಮಗ ಕಂಡಿಡ್ದಂಗೇ ಆಯ್ತು ಕಣಣ್ಣ" ಅಂದಳು.

"ಯಾವಾಗ್ ಬತ್ತದೆ?" ಎಂದು ಬೀರಯ್ಯ ಕೇಳಿದ. 

"ಬರುತ್ತೆ ಬಿಡು" ಅಂದೆ.

ಅಮ್ಮಿ ಈದಿನ ಪಾಯಸ ಶೀರ್‌ಕುರ್ಮಾ ಮಾಡಿ ಬೀದಿಗೆಲ್ಲ ಹಂಚಿದಳು. ಕೇಳಿದವರಿಗೆ, ಹಬ್ಬವಿಲ್ಲದೆ ಮಾಡಬಾರದು ಎಂದು ಯಾವ ಕಿತಾಬಿನಲ್ಲಿದೆ ಎಂದು ಕೇಳಿದಳು.

ಅಬ್ಬಾ


ಕಲ್ಲಿಕೋಟೆ
20 ಆಗಸ್ಟ್ 2005

ಅಬ್ಬಾ,

ಕೋಪ ಮಾಡಿಕೊಂಡು ಎರಡು ಕಾಗದ ಹರಿದು ಇದನ್ನು ಬರೆಯುತ್ತಿದ್ದೇನೆ. ಕೋಪ ನನ್ನ ಮೇಲೂ ಇದೆ. ಹಸಿರು ಕಂಡ ಖುಷಿಯಲ್ಲಿ ನಾನೇ ಕುಣಿದೆ, ನಿಮಗೆ ಹೇಗೆ ಬಯ್ಯಲಿ?

ಇದು ಔಷಧಿಯಲ್ಲ. ತಟ್ಟೆಯ ಗುಳಿಯಲ್ಲಿ ಕಂಡ ಒಂದು ಬೆಳಕು, ಅಷ್ಟೇ. ಅದು ಒಳ್ಳೆಯ ಕೋಶಗಳನ್ನು ಬಿಡುತ್ತದೆಯೇ ನೋಡಬೇಕು. ಆಮೇಲೆ ಇಲಿ, ಆಮೇಲೆ ಇನ್ನೂ ಏನೇನೋ. ಎಲ್ಲ ಗೆದ್ದರೂ ಮನುಷ್ಯರ ಬಾಯಿಗೆ ಬರಲು ಹತ್ತು ಹದಿನೈದು ವರ್ಷ. ಸಾವಿರ ಹೊಳೆದರೆ ಒಂದು ಗೆದ್ದರೆ ಹೆಚ್ಚು.

ಬೀರಯ್ಯ ಮಾಮನಿಗೆ ಇದನ್ನು ಬಿಡಿಸಿ ಹೇಳಿ. ನಾಳೆಯೇ ಹೇಳಿ. ನಿಮ್ಮ 'ಬರುತ್ತೆ ಬಿಡು' ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ತಹಸೀನ್


ಗುಂಡ್ಲುಪೇಟೆ
3 ಸೆಪ್ಟೆಂಬರ್ 2005

ಮಗಳೇ,

ಬರೆಯಲು ತಡವಾಯಿತು. ಓಣಂ ಬಂತಲ್ಲ, ಕೇರಳದ ಲಾರಿಗಳು ಮಂಡಿ ಮುಂದೆ ಮದುವೆ ದಿಬ್ಬಣದ ಹಾಗೆ ಸಾಲು ನಿಂತಿವೆ. ಕುಂಬಳಕಾಯಿ, ಬೀನ್ಸು, ಚೆಂಡುಹೂವು, ನಮ್ಮ ಈರುಳ್ಳಿ. ಮಲಯಾಳಿ ವ್ಯಾಪಾರಿಗಳು 'ವೇಗಂ ವೇಗಂ' ಅನ್ನುತ್ತಾರೆ, ನಮ್ಮ ಹಮಾಲರು 'ಬತ್ತೀವಿ ತಡೀರಿ' ಅನ್ನುತ್ತಾರೆ, ನಡುವೆ ನಾನು ಎರಡು ಭಾಷೆಯಲ್ಲೂ ಬೈಸಿಕೊಳ್ಳುತ್ತೇನೆ.

ಅಮ್ಮಿಗೆ ಮಂಡಿನೋವು. ಹಿತ್ತಲ ನುಗ್ಗೆಮರದ ಒಂದು ಕೊಂಬೆ ಮುರಿಯಿತು. ನಿನ್ನ ಹಳೆಯ ಸೈಕಲ್ಲನ್ನು ಎಣ್ಣೆ ಹಾಕಿ ಒರೆಸಿ ಇಟ್ಟಿದ್ದೇನೆ. ಹಮಾಲರ ಮೇಸ್ತ್ರಿ ಚಿಕ್ಕಬಸವಯ್ಯ ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡು ಯಾರಿಗೂ ಗುರುತು ಸಿಗುತ್ತಿಲ್ಲ.

ಬೀರಯ್ಯ ಚೆನ್ನಾಗಿದ್ದಾನೆ. ಬುಧವಾರ ಮಧ್ಯಾಹ್ನ ಮಾಲು ನೋಡಲು ಹರವೆಗೆ ಹೋಗಿದ್ದೆ, ಹೊಲದಲ್ಲೇ ಸಿಕ್ಕಿದ. ಕತ್ತಿನ ಸುಟ್ಟಗಾಯ ಮಾಯುತ್ತಿದೆ. ಮುದ್ದೆ ನುಂಗುತ್ತಾನಂತೆ.

ನಾನೂರ ಹದಿನೇಳರ ಪರೀಕ್ಷೆ ಏನಾಯಿತು?

ಅಬ್ಬಾ


ಕಲ್ಲಿಕೋಟೆ
6 ಸೆಪ್ಟೆಂಬರ್ 2005

ಅಬ್ಬಾ,

ಬುಧವಾರ ಮಧ್ಯಾಹ್ನ ಬೀರಯ್ಯ ಮಾಮ ಹೊಲದಲ್ಲಿ ಏನು ಮಾಡುತ್ತಿದ್ದರು? ಬುಧವಾರ ಕರೆಂಟಿನ ದಿನ. ಕರೆಂಟು ನಡೆಯುವಾಗ ಗಾಯ ಮಾಯುವುದಿಲ್ಲ, ನಿಲ್ಲಿಸಿದರೆ ಮಾಯುತ್ತದೆ.

ನೀವು ಮೂರು ಸಲ ಹೊಗಳಿದ ಮಾಲು ಬಿಚ್ಚಿ ನೋಡುವವರು. ನಾನೂ ನಿಮ್ಮ ಮಗಳೇ. ನುಗ್ಗೆಮರ, ಸೈಕಲ್ಲು, ಹಲ್ಲುಸೆಟ್ಟು ಎಲ್ಲ ಓದಿದೆ. ಚೀಲದ ತಳದಲ್ಲಿ ಏನಿದೆ ಹೇಳಿ.

ನಾನೂರ ಹದಿನೇಳು ಹೋಯಿತು. ಒಳ್ಳೆಯ ಕೋಶಗಳ ಮೇಲೆ ಹಾಕಿದೆ, ಅವೂ ಸತ್ತವು. ಸತ್ತದ್ದೂ ಒಣಗಿ ಅಲ್ಲ, ಒಡೆದು. ಒಳಗಿನ ರಸ ಅಕ್ಕಪಕ್ಕಕ್ಕೆ ಚೆಲ್ಲಿ. ಅದು ಕೊಳೆಸುವ ಅಣು ಅಬ್ಬಾ, ಒಣಗಿಸುವುದಲ್ಲ. ಕತ್ತು ಹಿಸುಕದೆ ನಾನು ಬಣ್ಣ ನೋಡಿ ಮೋಸಹೋದೆ.

ತಹಸೀನ್


ಗುಂಡ್ಲುಪೇಟೆ
9 ಸೆಪ್ಟೆಂಬರ್ 2005

ಮಗಳೇ,

ತಳದಲ್ಲಿರುವುದು ಇದು.

ಬೀರಯ್ಯ ಹತ್ತೊಂಬತ್ತಕ್ಕೆ ನಿಲ್ಲಿಸಿದ್ದಾನೆ. ಮೂರು ವಾರವಾಯಿತು. ಅವನು ಮಂಡಿಗೆ ಬರುವುದು ನಿಂತಾಗ ನನಗೆ ಅನುಮಾನ ಬಂತು, ಆದರೆ ಲೋಡಿನ ನೆಪದಲ್ಲಿ ಕೇಳಲು ಹೋಗಲಿಲ್ಲ. ಹರವೆಗೆ ಹೋದ ದಿನ ಮಂಚಮ್ಮ ಬದುವಿನ ಮೇಲೆ ಅಡ್ಡ ನಿಂತು ಹೇಳಿದಳು: "ನಿಮ್ ಮಾತ್ ಕೇಳ್ಕಂಡೇ ಕಣಣ್ಣ ನಿಲ್ಸಿರಾದು. ಗೌಸು ಬತ್ತದೆ ಅಂದ್ಮೇಲೆ ಬತ್ತದೆ, ಯಾಕ್ ಸುಮ್ಕೆ ಗಂಟ್ಲು ಸುಡುಸ್ಕೊಳ್ಳಾದು ಅಂತವ್ರೆ."

ಮೂವತ್ತು ವರ್ಷದಲ್ಲಿ ನಾನು ಬರುತ್ತೆ ಅಂದ ಲಾರಿ ಬಾರದೆ ಇದ್ದದ್ದಿಲ್ಲ. ಘಟ್ಟದಲ್ಲಿ ಆಕ್ಸಲ್ ಮುರಿದರೆ ಬೇರೆ ಲಾರಿಗೆ ಮಾಲು ಬದಲಿಸಿ ತಂದಿದ್ದೇನೆ. ಈ ಊರಿನಲ್ಲಿ ನನಗಿರುವುದು ಅದೊಂದೇ ಹೆಸರು. ಆ ಹೆಸರೇ ಈಗ ಅವನ ಗಂಟಲಿನಲ್ಲಿ ಕೂತಿದೆ.

ಆ ಬುಧವಾರವೇ ಅವನ ಎದುರು ನಿಂತೆ. ಬಾಯಿ ಬರಲಿಲ್ಲ. "ಮೋಡ ಆಯ್ತಲ್ಲ" ಅಂದೆ. ಇಡೀ ತಾಲೂಕಿಗೆ ಮಾತು ಮಾರುವ ನಾನು, ಮೋಡದ ವಿಷಯ ಮಾತಾಡಿ ವಾಪಸು ಬಂದೆ.

ಒಂದು ಉಪಾಯವಿದೆ. ನೀನು ಅವನಿಗೆ ಒಂದು ಕಾಗದ ಬರೆ. ಕರೆಂಟು ಪೂರ್ತಿ ಮುಗಿಸಿದವರಿಗೆ ಮಾತ್ರ ನಿನ್ನ ಔಷಧಿ ಹಿಡಿಯುತ್ತದೆ ಅಂತ. ಎರಡು ಸಾಲು ಸಾಕು. ನಾಳೆಯೇ ಬಸ್ಸು ಹತ್ತುತ್ತಾನೆ.

ಅಬ್ಬಾ


ಕಲ್ಲಿಕೋಟೆ
11 ಸೆಪ್ಟೆಂಬರ್ 2005

ಅಬ್ಬಾ,

ಬರೆಯಲಾರೆ. ನಾನು ಬರೆದರೆ ಅವರು ನಂಬುತ್ತಾರೆ, ಅದಕ್ಕೇ ಬರೆಯಲಾರೆ. ಕರೆಂಟು ಮುಗಿಸಿ, ನೋವು ತಿಂದು, ಆಮೇಲೆ ಬಾಗಿಲಲ್ಲಿ ಕೂತು ಬಾರದ ಔಷಧಿಗೆ ಕಾಯುತ್ತಾರೆ. ಆ ಕಾಯುವಿಕೆಯನ್ನು ಅವರ ಮೇಲೆ ಹೊರಿಸಿದವಳು ನಾನಾಗುತ್ತೇನೆ.

ಇವತ್ತು ಇಲ್ಲಿಯ ಡಾಕ್ಟರೊಬ್ಬರನ್ನು ಕೇಳಿದೆ. ಮೂರು ವಾರ ತಪ್ಪಿದ್ದು ದೊಡ್ಡ ನಷ್ಟ, ಆದರೆ ಪೂರ್ತಿ ಕೈಮೀರಿಲ್ಲ, ತಕ್ಷಣ ಹೋಗಿ ಅಂದರು. ಒಂದೊಂದು ದಿನವೂ ಲೆಕ್ಕ.

ನಿಮ್ಮ ಮಾತಿಗೆ ಅವರು ನಿಲ್ಲಿಸಿದರು, ನಿಮ್ಮ ಮಾತಿಗೇ ಮತ್ತೆ ಹೊರಡುತ್ತಾರೆ. ಬಾಯಿ ಬಾರದಿದ್ದರೆ ಬೇರೆ ದಾರಿ ಹುಡುಕಿ ಅಬ್ಬಾ. ನೀವು ದಾರಿ ಹುಡುಕದೆ ಬಿಟ್ಟ ಲೋಡು ಯಾವುದಿದೆ?

ನಾನು ಬೇಕಾದರೆ ಬರುತ್ತೇನೆ. ಆದರೆ ನೀವೇ ಹೇಳಿದರೆ ನಿಮಗೂ ಒಳ್ಳೆಯದು ಅನಿಸುತ್ತದೆ.

ನಿಮ್ಮ ತಹಸೀನ್


ಗುಂಡ್ಲುಪೇಟೆ
13 ಸೆಪ್ಟೆಂಬರ್ 2005

ಮಗಳೇ,

ಓಣಂ ಲೋಡನ್ನು ಚಿಕ್ಕಬಸವಯ್ಯನ ಹೊಸ ಹಲ್ಲಿನ ಮೇಲೆ ಬಿಟ್ಟು ಇವತ್ತು ಹರವೆಗೆ ಹೋದೆ. ಬೀರಯ್ಯ ಕಣದಲ್ಲಿ ಈರುಳ್ಳಿ ರಾಶಿಯ ಪಕ್ಕ ಕೂತಿದ್ದ. ಮಂಚಮ್ಮ, ಪಕ್ಕದ ಹೊಲದ ಇಬ್ಬರು, ಎಲ್ಲ ಅಲ್ಲೇ ಇದ್ದರು. ಅವರ ಮುಂದೆ ಹೇಳಲು ಮತ್ತೆ ನಾಲಿಗೆ ಏಳಲಿಲ್ಲ.

ಆಗ ಹೆಗಲ ಟವೆಲು ತೆಗೆದೆ. ನಿನಗೆ ನೆನಪಿರಬೇಕು, ದನದ ಸಂತೆಯಲ್ಲಿ, ನಮ್ಮ ಹಳೇ ಮಂಡಿಯಲ್ಲಿ, ಟವೆಲಿನ ಕೆಳಗೆ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ಮಾಡುತ್ತಿದ್ದೆವು. ಹಿಡಿದಷ್ಟು ಬೆರಳು ಅಷ್ಟು ದರ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬಾಯಲ್ಲಿ ಆಡಿದ್ದನ್ನು ತಿರುಗಿಸಬಹುದು, ಟವೆಲಿನ ಕೆಳಗೆ ಒಪ್ಪಿದ್ದನ್ನು ತಿರುಗಿಸಿದವನನ್ನು ಸಂತೆಗೆ ಸೇರಿಸುವುದಿಲ್ಲ. ಅಲ್ಲಿ ಸುಳ್ಳು ಹೇಳಿದವರನ್ನೂ ನಾನು ಕಂಡಿಲ್ಲ.

ಟವೆಲು ಹಾಸಿದೆ. ಬೀರಯ್ಯ ನಕ್ಕ. "ಏನ್ಲಾ ಗೌಸು, ಮಾಲ್ ತಕ್ಕಳಾಕ್ ಬಂದಿದೀಯಾ?" ಅಂದ, ದನಿ ಜಲ್ಲಿ ಮೇಲೆ ಗಾಡಿ ಹೋದಂಗೆ. ಕೈ ಒಳಗೆ ಹಾಕಿದ.

ಅವನ ಅಂಗೈ ಬಿಡಿಸಿ, ನನ್ನ ಬರಿ ಅಂಗೈಯನ್ನು ಅದರ ಮೇಲೆ ಒತ್ತಿ ಒಂದು ಸಲ ಸವರಿದೆ. ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ: ಸರಕಿಲ್ಲ, ಬರುವುದೂ ಇಲ್ಲ.

ಅವನ ನಗು ನಿಂತಿತು. ನನ್ನ ಮುಖ ನೋಡಿದ. "ನಾನೂರ್ ಹದಿನೇಳಾ?" ಅಂದ, ಪಿಸುಮಾತಿನಲ್ಲಿ. ನಾನು ಮತ್ತೆ ಸವರಿದೆ. ಮೂವತ್ತು ವರ್ಷದಲ್ಲಿ ಅವನ ಕೈಮೇಲೆ ಬರಿಗೈ ಸವರಿದ್ದು ಮೊದಲ ಸಲ. ಅವನು ಕೈ ಎಳೆದುಕೊಳ್ಳುತ್ತಾನೆ ಅಂದುಕೊಂಡೆ. ಎಳೆದುಕೊಳ್ಳಲಿಲ್ಲ. ಪಕ್ಕದ ಹೊಲದವನು, "ಏನಂತೆ ದರ?" ಎಂದು ಕೇಳಿದ.

ಆಮೇಲೆ ನಾನು ಅವನ ಒಂದು ಬೆರಳು ಹಿಡಿದೆ, ಹತ್ತು. ಬಿಟ್ಟು ನಾಲ್ಕು ಬೆರಳು ಹಿಡಿದೆ. ಹದಿನಾಲ್ಕು. ಮೂವತ್ತಮೂರಕ್ಕೆ ಬಾಕಿ ಇದ್ದದ್ದು. ಅವನಿಗೆ ತಕ್ಷಣ ಗೊತ್ತಾಯಿತು. ತಲೆ ಅಲ್ಲಾಡಿಸಿ ನನ್ನ ಎರಡು ಬೆರಳು ಹಿಡಿದ. ಎರಡು ದಿನ ಹೋಗುತ್ತಾನಂತೆ. ನಾನು ಹದಿನಾಲ್ಕು ಹಿಡಿದೆ. ಅವನು ಐದಕ್ಕೆ ಬಂದ. ನಾನು ಹದಿನಾಲ್ಕು. ಎಂಟು ಅಂದ. ನಾನು ಮತ್ತೆ ಒಂದು ಬೆರಳು, ನಾಲ್ಕು ಬೆರಳು.

"ಇಳಿಯಲ್ವಾ?" ಅಂದ.

"ಇಳಿಯಲ್ಲ."

"ಯಾಪಾರ ಮಾಡಾಕೇ ಬರಲ್ವಲ್ಲೋ ನಿಂಗೆ."

"ಇವತ್ತು ಬರಲ್ಲ ಕಣ್ಲಾ" ಅಂದೆ.

ಅವನು ಟವೆಲಿನ ಕೆಳಗೆ ನನ್ನ ಎಲ್ಲ ಬೆರಳನ್ನೂ ಒಟ್ಟಿಗೆ ಹಿಡಿದು ಒಂದು ಸಲ ಎಳೆದ. ಅದು ಯಾವ ದರವೂ ಅಲ್ಲ. "ನೀನೂ ಬರ್ಬೇಕು, ಹದಿನಾಕ್ ದಿನಾನೂವೆ. ನಾನೊಬ್ನೇ ಓಗಲ್ಲ" ಅಂದ. ಮಂಚಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅದೇನ್ ಯಾಪಾರವೋ ಶಿವನೇ" ಎಂದು ಗೊಣಗಿ ಒಳಗೆ ಹೋದಳು. ಅವಳಿಗೂ ಗೊತ್ತಾಗಿತ್ತು.

ನಾಳೆ ಮೊದಲ ಬಸ್ಸಿಗೆ ಹೋಗುತ್ತಿದ್ದೇವೆ. ನೀನು ಹೇಳಿದ್ದು ಸರಿ. ಒಳ್ಳೆಯದು ಅನಿಸಿತು. ಆದರೆ ಇವತ್ತಿನ ಅಕ್ಷರ ನೋಡು. 'ಹರವೆ' ಕೂಡ ದುಂಡಗೆ ಬರಲಿಲ್ಲ.

ಅಬ್ಬಾ


ಹರವೆ
10 ನವೆಂಬರ್ 2005

ಚಿರಂಜೀವಿ ತಹಸೀನಳಿಗೆ ದೊಡ್ಡಬೀರಯ್ಯನ ಆಶೀರ್ವಾದ.

ಡಾಕ್ಟರು ಇನ್ನೂ ಮಾತಾಡಬೇಡಿ ಅಂದವ್ರೆ, ಅದಕ್ಕೆ ಬರೀತಿದ್ದೀನಿ. ನಿಮ್ಮಪ್ಪ ಹದಿನಾಲ್ಕಕ್ಕೆ ಯಾಪಾರ ಮುಗ್ಸಿದ್ದ. ಡಾಕ್ಟರು ಬಾಯಿಗೆ ಬಂದಂಗೆ ಬಯ್ದು, ಮೇಲೆ ಮೂರು ಕೊಸರು ಹಾಕಿದ್ರು. ಹದಿನೇಳೂ ಆಯ್ತು. ಹದಿನೇಳು ದಿನವೂ ನಿಮ್ಮಪ್ಪ ಬಸ್ಸಲ್ಲಿ ಮಾತಾಡ್ದ. ಬೇಗೂರಲ್ಲಿ ಬಸ್ಸು ನಿಂತ್ರೆ ಇಳಿದು ಟೀ ಕುಡ್ದು ಬಂದು ಮತ್ತೆ ಶುರು. ನನಗೆ ಸುಮ್ನಿರು ಅನ್ನಕ್ಕೂ ಗಂಟ್ಲಿಲ್ಲ. ಕರೆಂಟಿಗಿಂತ ಅದೇ ಕಷ್ಟ ಆಗಿದ್ದು. ರಂಜಾನಲ್ಲಿ ಟೀ ಬಿಟ್ಟ, ಮಾತು ಬಿಡ್ಲಿಲ್ಲ.

ಈಗ ಗಂಟಲು ನೋಡಿ, ಮೇಲ್ನೋಟಕ್ಕೆ ಏನೂ ಕಾಣ್ತಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಅಂದವ್ರೆ. ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ, ನನಗೂ ಗೊತ್ತದೆ. ರಾಶಿ ಮೇಲೆ ಕಾಣ್ದೇ ಇರಾದು ತಳದಲ್ಲಿರ್ತದೆ. ಆಮೇಲೆ ನೋಡಾನ. ಗಂಜಿ ಬಿಟ್ಟು ಮುದ್ದೆಗೆ ಬಂದಿದ್ದೀನಿ. ಹಬ್ಬದ ದಿನ ನಿಮ್ಮಮ್ಮ ಕಳಿಸಿದ ಶೀರ್‌ಕುರ್ಮಾನೂ ನುಂಗಿದೆ. ನೀನು ಬಂದಿರ್ಲಿಲ್ಲ, ನಿನ್ ಪಾಲೂ ನಾನೇ ಕುಡ್ದೆ.

ನಾನೂರ ಹದಿನೇಳನ್ನ ಬಿಸಾಕಿದ್ಯಂತೆ. ನಿಮ್ಮಪ್ಪ ಮುಖ ಸಣ್ಣದು ಮಾಡ್ಕಂಡು ಹೇಳ್ದ. ಒಳ್ಳೇದು ಮಾಡ್ದೆ ಕಣಮ್ಮಿ. ನೋಡಾಕ್ ಎಷ್ಟೇ ಚೆಂದಾಗಿರ್ಲಿ, ಕತ್ತು ದಪ್ಪ ಇದ್ರೆ ಚೀಲಕ್ಕೆ ಹಾಕ್ಬಾರ್ದು ಅಂತ ನಿನಗೆ ಹೇಳ್ಕೊಟ್ಟಿದ್ದು ನಾನೇ. ಅವತ್ತು ನೀನು ಆರು ವರ್ಷದವಳು. ಬೆಳಗಿಂದ ಸಾಯಂಕಾಲದವರೆಗೂ ಆಯ್ದು, ರಾಶಿ ಮುಗೀಲಿಲ್ಲ ಅಂತ ಅಳ್ತಾ ಕೂತಿದ್ದೆ. ನಾನು ಏನು ಹೇಳ್ದೆ ನೆನಪೈತಾ? ರಾಶಿ ನೋಡ್ಬೇಡ, ಕೈಯಲ್ಲಿರಾದ್ನ ನೋಡು ಅಂದೆ.

ಈಗ ಎಷ್ಟನೇ ನಂಬರು ಅಂತ ನಿಮ್ಮಪ್ಪ ಕೇಳಕ್ಕೆ ಹೆದರ್ತಾನೆ. ನಾನು ಕೇಳಲ್ಲ. ನಾನು ಕಾಯ್ತಾನೂ ಇಲ್ಲ ಕಣಮ್ಮಿ, ಆ ಭಾರ ನಿನಗೆ ಬೇಡ. ಮುಂದೆ ಇನ್ಯಾರೋ ಬಸ್ಸಲ್ಲಿ ಕತ್ತು ಸುಡಿಸ್ಕಂಡು ಬರೋರು ಇರ್ತಾರಲ್ಲ, ಅವರಿಗೆ ಆಯ್ತದೆ.

ನೀನು ಕೈಯಲ್ಲಿರಾದ್ನ ಆಯ್ತಾ ಇರು.

ಇಂತಿ,
ದೊಡ್ಡಬೀರಯ್ಯ